ಹೆಸರು ಹೇಳಿ ಒಳಗೆ ಬಂದದ್ದು

ಪಕ್ಕದ ಮನೆಯ ಹುಡುಗಿಗೆ ಮುಂದಿನ ವಾರ ಲಗ್ನ. ನಿನ್ನೆ ಸಂಜೆ ತೆಳ್ಳನೆಯ ಒಂದು ಮರಾಠಿ ಪುಸ್ತಕ ಹಿಡಿದುಕೊಂಡು ಬಂದಳು. ಒಡಪುಗಳ ಪುಸ್ತಕ. ಹೊಸ ಮದುಮಗಳು ಹೊಸ್ತಿಲಿಗೆ ಬಂದಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ‘ಹೆಸರ ಹೇಳು’ ಎಂದು ಕಾಡುತ್ತಾರಲ್ಲ, ಗಂಡನ ಹೆಸರನ್ನು ಪ್ರಾಸದೊಳಗೆ ಕೂಡಿಸಿ ಹೇಳಿದ ಮೇಲಷ್ಟೇ ಒಳಗೆ ಬಿಡುತ್ತಾರಲ್ಲ, ಆ ಒಡಪು. ಪುಟ ತಿರುವಿದೆ. ಗಂಡನ ಹೆಸರು ಬರುವ ಜಾಗದಲ್ಲೆಲ್ಲ ಚುಕ್ಕೆ ಚುಕ್ಕೆ ಬಿಟ್ಟಿದ್ದಾರೆ. ಯಾವ ಗಂಡನನ್ನು ಬೇಕಾದರೂ ತುಂಬಿಕೊಳ್ಳಬಹುದು. ಬಹಳ ಉದಾರ ಪುಸ್ತಕ. ಐವತ್ತರ ದಶಕದಲ್ಲಿ ಸೊಲ್ಲಾಪುರದಲ್ಲಿ ನಾನಿದ್ದ ಬಾಡಿಗೆ ಕೋಣೆಗಳ ವಾಡೆಯಲ್ಲಿ ಇಂಥ ಪುಸ್ತಕ ಇರಲಿಲ್ಲ. ಅದರ ಬದಲಿಗೆ ನಾನಿದ್ದೆ.

ನಗಬೇಡಿ. ನಾನು ಕನ್ನಡ ಶಾಲೆಯ ಮಾಸ್ತರ, ಪ್ರಾಸ ಕೂಡಿಸುವ ಚಟ ಚಿಕ್ಕಂದಿನಿಂದ ಇತ್ತು. ವಾಡೆಯ ತುಂಬ ಬಟ್ಟೆ ಗಿರಣಿಯ ಕೆಲಸದವರು. ಯಾರ ಮನೆಯಲ್ಲಿ ಲಗ್ನ ಗೊತ್ತಾದರೂ ಹುಡುಗಿಯನ್ನು ಮುಂದೆ ಮಾಡಿಕೊಂಡು ತಾಯಿ ನನ್ನ ಖೋಲಿಯ ಬಾಗಿಲಿಗೆ ಬರುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಅದರ ಕಥೆ ಆಮೇಲೆ ಹೇಳುತ್ತೇನೆ. ‘ದುಧನಿ ಗಾಡಿ ಹತ್ತಿ ಬಂದೆ, ಸೊಲ್ಲಾಪುರ ಬಲು ದೂರ, ಶಿವರಾಯರ ಕೈಲೆ ಕುಡಿದೆ ತಣ್ಣನ ನೀರ’ ಎಂಬಂಥದ್ದನ್ನು ನಿಂತ ಕಾಲಲ್ಲೇ ಕಟ್ಟಿ ಕೊಡುತ್ತಿದ್ದೆ. ಧುಂಡಿರಾಜ ಎಂಬ ಒಬ್ಬ ವರ ಮಾತ್ರ ಎರಡು ದಿನ ನನ್ನ ಊಟ ಕೆಡಿಸಿದ. ಹೀಗೆ ಊರ ಗಂಡಂದಿರ ಹೆಸರೆಲ್ಲ ನನ್ನ ಬಾಯಲ್ಲಿ ಓಡಾಡುತ್ತಿದ್ದವು. ನನ್ನವನ ಹೆಸರೊಂದು ಗಂಟಲಲ್ಲೇ ಕೂತಿತ್ತು.

ಅವನು ಮಾಳಪ್ಪ. ಅಕ್ಕಲಕೋಟಿ ಹತ್ತಿರದ ತಡವಳದವನು, ಕುರಿ ಸಾಕುವ ಮನೆತನ, ಗಿರಣಿಯಲ್ಲಿ ಮಗ್ಗದ ಮೇಲೆ ಕೆಲಸ. ಜನರ ಲೆಕ್ಕದಲ್ಲಿ ನನ್ನ ಖೋಲಿಯ ಜೋಡಿದಾರ. ನನ್ನ ಲೆಕ್ಕದಲ್ಲಿ ಏನು ಎಂಬುದಕ್ಕೆ ಆಗ ಕನ್ನಡದಲ್ಲಿ ಒಳ್ಳೆಯ ಮಾತಿರಲಿಲ್ಲ, ಮರಾಠಿಯಲ್ಲೂ ಇರಲಿಲ್ಲ; ಇದ್ದ ಮಾತುಗಳನ್ನೆಲ್ಲ ಬೈಯಲು ಬಳಸಿ ಹೊಲಸು ಮಾಡಿದ್ದರು. ಗಂಡ ಹೆಂಡಿರು ಒಬ್ಬರನ್ನೊಬ್ಬರು ಹೇಗೆ ಪ್ರೀತಿಸುತ್ತಾರೋ ಹಾಗೆ ನಾವಿಬ್ಬರೂ ಪ್ರೀತಿಸುತ್ತಿದ್ದೆವು. ಇಷ್ಟು ಹೇಳಿದರೆ ನಿಮಗೆ ತಿಳಿಯುತ್ತದೆ.

ಯಾರಾದರೂ ಕಂಡುಹಿಡಿದಾರು ಎಂದು ಹೆದರಿ ಹೆದರಿ ಸಾಯುತ್ತಿದ್ದೆವು. ಜನ ಕಂಡುಹಿಡಿದದ್ದು ಬೇರೆಯದನ್ನೇ. ವಾಡೆಯ ಮಾಲಕಿ ಗೋದಕ್ಕ ಖೋಲಿ ಕೊಡುವಾಗಲೇ, “ಮಾಸ್ತರ, ಹೆಣ್ಣಿನ ನೆರಳ ಸೈತ ಬೀಳಬಾರದ ನೋಡ್ರಿ ಒಳಗ” ಎಂದು ಕಟ್ಟಪ್ಪಣೆ ಮಾಡಿದ್ದಳು. ಆ ಅಪ್ಪಣೆಯನ್ನು ನಮ್ಮಷ್ಟು ಸಂತೋಷದಿಂದ ಯಾರೂ ಪಾಲಿಸಿರಲಾರರು. ಗೋದಕ್ಕ ಕರಗಿಹೋದಳು. ಬೇರೆ ಖೋಲಿಯ ಹುಡುಗರಿಗೆ, “ಆ ಇಬ್ಬರನ್ನ ನೋಡಿ ಕಲೀರೋ” ಎಂದು ಬೈಯತೊಡಗಿದಳು. ನಡತೆ ಒಳ್ಳೆಯದೆಂದು ಹೆಸರಾದದ್ದೇ ತಡ, ಹೆಣ್ಣು ಹೆತ್ತವರು ಅಳಿಯನನ್ನು ಹುಡುಕಿಕೊಂಡು ನಮ್ಮ ಬಾಗಿಲಿಗೆ ಬರತೊಡಗಿದರು. ಇನ್ನು ಊರಿನಲ್ಲಿ ಬೇರೆ ಗದ್ದಲ. ಸೊಲ್ಲಾಪುರ ಮುಂಬೈ ರಾಜ್ಯದವರಿಗೋ ಮೈಸೂರು ರಾಜ್ಯದವರಿಗೋ ಎಂದು ಚಹಾದ ಅಂಗಡಿಗಳಲ್ಲಿ ಕಪ್ಪು ಬಸಿ ಒಡೆಯುತ್ತಿದ್ದವು. ಊರನ್ನೇ ಯಾರ ಮನೆಗೆ ಕೊಡಬೇಕೆಂಬ ಚಿಂತೆಯಲ್ಲಿದ್ದ ಜನಕ್ಕೆ ನಾವಿಬ್ಬರು ಯಾರ ಮನೆಗೆ ಎಂದು ನೋಡಲು ಪುರಸೊತ್ತಿರಲಿಲ್ಲ.

ಕಷ್ಟ ಇದ್ದದ್ದು ಸಣ್ಣ ಸಣ್ಣದರಲ್ಲಿ. ಒಮ್ಮೆ ಮಾಳಪ್ಪನಿಗೆ ವಿಷಮಜ್ವರ ಬಂತು. ರಜೆ ಕೇಳಲು ಹೆಡ್‌ಮಾಸ್ತರರ ಮುಂದೆ ನಿಂತೆ.

“ಯಾರಿಗೆ ಜ್ವರಾ?”

“ಖೋಲಿಯ ಜೋಡಿದಾರಗರೀ.”

“ಅವಗ ಜ್ವರಾ ಬಂದ್ರ ನಿಮಗ್ಯಾಕರೀ ರಜಾ?”

ಸರಿಯಾದ ಪ್ರಶ್ನೆ. ಮರುದಿನ ಇಲ್ಲದ ಒಬ್ಬ ಸೋದರಮಾವನನ್ನು ಸಾಯಿಸಿ ರಜೆ ತೆಗೆದುಕೊಂಡೆ. ಶಾಲೆಯವರು ಸಮಾಧಾನ ಹೇಳಲು ಮನೆಗೇ ಬಂದುಬಿಟ್ಟರು. ನಾನು ಮಾಳಪ್ಪನ ಹಾಸಿಗೆಯ ಪಕ್ಕದಲ್ಲಿ ಕೂತು ನಿಜವಾಗಿಯೇ ಅಳುತ್ತಿದ್ದೆ. ಮಾವನ ಮೇಲೆ ಇಷ್ಟೊಂದು ಜೀವ ಇಟ್ಟವನನ್ನು ಕಂಡಿಲ್ಲ ಎಂದು ಹೊಗಳಿ ಹೋದರು.

ಮಾಳಪ್ಪನ ತಾಯಿ ಲಗಮವ್ವ ಹೀಗೆ ಸುಲಭಕ್ಕೆ ಮೋಸಹೋಗುವ ಹೆಂಗಸಲ್ಲ. ಮಗನಿಗೆ ದುಧನಿಯ ಒಂದು ಹೆಣ್ಣು ಗೊತ್ತು ಮಾಡಿದಳು. ಮಾಳಪ್ಪನ ತಮ್ಮನ ಲಗ್ನ ಅದಕ್ಕೂ ಮೊದಲೇ ಗೊತ್ತಾಗಿತ್ತು. ಆ ಲಗ್ನಕ್ಕೆ ದುಧನಿಯವರು ಬಂದು ಮಾಳಪ್ಪನ ಮಾತನ್ನೂ ಮುಗಿಸಿಕೊಂಡು ಹೋಗುವುದು ಎಂದಾಯಿತು.

“ಒಲ್ಲೆ ಅನ್ನಬಾರದೇನೋ?” ಎಂದು ನಾನು ಕೇಳಿದೆ.

“ಏನಂತ ಒಲ್ಲೆ ಅನ್ನಲಿ? ಹುಡುಗಿ ಚಂದಿಲ್ಲ ಅನ್ನಲ್ಯಾ? ಆಕೀದೇನ ತಪ್ಪೈತಿ ಇದರಾಗ?” ಎಂದ. ಅವನು ಮುಖ ತೊಳೆಯಲು ಹೋದವನು ಬಹಳ ಹೊತ್ತು ತಿರುಗಿ ಬರಲಿಲ್ಲ.

ಅವನು ಹೋದರೆ ಅಳಲು ಕೂಡ ನನಗೆ ನೆವವಿಲ್ಲ. ಇನ್ನೆಷ್ಟು ಸೋದರಮಾವಂದಿರನ್ನು ಸಾಯಿಸಲಿ? ಮೇಲಾಗಿ ದುಧನಿಯ ಹುಡುಗಿಗೂ ಒಡಪು ಕಟ್ಟಿಕೊಡಬೇಕಾದವನು ನಾನೇ. ಮಾಳಪ್ಪ ಎಂಬ ಹೆಸರಿಗೆ ನನ್ನ ಹತ್ತಿರ ಬೇಕಾದಷ್ಟು ಇದ್ದವು. ಒಂದನ್ನೂ ಯಾರಿಗೂ ಕೊಟ್ಟಿರಲಿಲ್ಲ.

ತಮ್ಮನ ಲಗ್ನವೆಲ್ಲ ಅಕ್ಕಲಕೋಟಿಯಲ್ಲಿ ಮುಗಿದು, ದಿಬ್ಬಣ ತಡವಳದ ಮನೆಗೆ ಬಂತು. ಮದುಮಗಳು ನಾನು ಕಲಿಸಿದ್ದನ್ನು ಗಿಳಿಯಂತೆ ಹೇಳಿ ಒಳಗೆ ಹೋದಳು. ಹಿಂದಿನಿಂದ ನಾನೂ ಮಾಳಪ್ಪನೂ ಅವಳ ಟ್ರಂಕನ್ನು ಆ ಕಡೆ ಈ ಕಡೆ ಹಿಡಿದುಕೊಂಡು ಬಂದೆವು. ಮಾಳಪ್ಪನ ತಂಗಿ ಭಾಗವ್ವ ಚೇಷ್ಟೆಯ ಹುಡುಗಿ, ಚೌಕಟ್ಟಿಗೆ ಎರಡೂ ಕೈ ಊರಿ ನಿಂತಳು.

“ಊರ ಮಂದಿ ಗಂಡಂದ್ರ ಹೆಸರೆಲ್ಲಾ ಹೇಳಿಕೊಡತೀರಿ ಮಾಸ್ತರ. ಇವತ್ತ ನಿಮ್ಮದೊಂದ ಹೇಳ್ರಿ, ಅಂದ್ರ ದಾರಿ ಬಿಡತೀನಿ.”

ಹೆಂಗಸರೆಲ್ಲ “ಹೇಳ್ರಿ, ಹೇಳ್ರಿ” ಎಂದು ಕೂಗಿದರು. ಇಂಥ ಕಡೆ ಗಂಡಸರು ತಪ್ಪಿಸಿಕೊಳ್ಳಲು ಯಾವುದೋ ದೇವರ ಹೆಸರು ಹೇಳುತ್ತಾರೆ. ನನಗೂ ಅಷ್ಟು ಬುದ್ಧಿ ಇತ್ತು. ಆದರೆ ಹೊಸ್ತಿಲು, ಅಡ್ಡ ನಿಂತ ಹೆಣ್ಣು, ಟ್ರಂಕಿನ ಆ ತುದಿಯಲ್ಲಿ ಅವನು. ಬಾಯಿ ನನ್ನ ಮಾತು ಕೇಳಲಿಲ್ಲ.

“ಗಿರಣಿ ಭೋಂಗಾ ಕೂಗಿದರ ಎಚ್ಚರ ಸೊಲ್ಲಾಪುರಕ್ಕ,
ಮಾಳಪ್ಪ ಬಂದರ ಬೆಳಕ ನನ್ನ ಖೋಲಿಯ ಒಳಕ್ಕ.”

ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು. ಭಾಗವ್ವ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟಳು. ದುಧನಿಯ ಹಿರಿಯರು ಕಣ್ಣೊರೆಸಿಕೊಳ್ಳುತ್ತ, “ಮಾಸ್ತರ ಭಾಳ ಮಜಾ ಮನುಷ್ಯಾ” ಎಂದರು. ನನ್ನ ಬದುಕಿನ ಖರೆ ಮಾತನ್ನು ಊರ ಮುಂದೆ ಹೇಳಿದ್ದೆ, ಅದಕ್ಕೆ ಚಪ್ಪಾಳೆ ಬಿತ್ತು.

ಹೆಂಗಸರಲ್ಲಿ ನಗದೆ ಇದ್ದವಳು ಲಗಮವ್ವ ಒಬ್ಬಳೇ. ಒಳಗೆ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದಳು. ನನಗಿಂತ ಹೆಚ್ಚು ಹೊತ್ತು ಮಗನ ಮುಖ ನೋಡಿದಳು, ಅವನೂ ನಗುತ್ತಿರಲಿಲ್ಲ. ಕೊನೆಗೆ, “ಭಾಗವ್ವಾ, ದಾರಿ ಬಿಡ. ಹೆಸರ ಹೇಳ್ಯಾರಲ್ಲ” ಎಂದಳು.

ಅಂದು ಸಂಜೆಯೇ ದುಧನಿಯವರನ್ನು ಕೂಡ್ರಿಸಿಕೊಂಡು, ಇವನು ಹುಟ್ಟುವಾಗ ಮೈಲಾರಲಿಂಗನಿಗೆ ಬಿಟ್ಟ ಮಗ, ಲಗ್ನ ಮಾಡುವ ಹಾಗಿಲ್ಲ, ದೇವರು ಕನಸಿನಲ್ಲಿ ಬಂದು ನೆನಪು ಮಾಡಿದ ಎಂದುಬಿಟ್ಟಳು. ಅವರು ಕೈ ಮುಗಿದು ಗಾಡಿ ಹೂಡಿದರು.

ಅಲ್ಲಿಂದ ಮಾಳಪ್ಪನ ಪಾಡು ಕೇಳಬೇಡಿ. ರವಿವಾರ ಮೈಲಾರನ ವಾರ. ಗಿರಣಿಗೆ ಸೂಟಿ ಇದ್ದದ್ದು, ನಾವು ಮಟನ್ ತರುತ್ತಿದ್ದದ್ದು ಅದೇ ವಾರ. ಈಗ ಅವನು ಹಣೆಗೆ ಭಂಡಾರ ಬಡಿದುಕೊಂಡು ಉಪವಾಸ ಕೂಡಬೇಕು. ಅವನ ಮುಂದೆ ನಾನೊಬ್ಬನೇ ಉಣ್ಣುವುದು ಹೇಗೆ? ಗೋದಕ್ಕ ಬೇರೆ ಅವನ ಕಾಲಿಗೆ ಬೀಳತೊಡಗಿದಳು. ಲಗಮವ್ವ ದೇವರ ಹೆಸರಲ್ಲಿ ಸುಳ್ಳು ಹೇಳಿದ್ದಕ್ಕೆ ತನಗೆ ತಾನೇ ದಂಡ ಹಾಕಿಕೊಂಡು ಚಪ್ಪಲಿ ಬಿಟ್ಟಳು. ಆ ಕರೀ ನೆಲದ ಬಿಸಿಲಲ್ಲಿ ಸಾಯುವ ತನಕ ಬರಿಗಾಲಲ್ಲೇ ನಡೆದಳು.

ನನ್ನೊಡನೆ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ಆದರೆ ತಡವಳಕ್ಕೆ ಹೋದಾಗಲೆಲ್ಲ ನನ್ನ ತಾಟಿಗೆ ಎಣ್ಣೆಗಾಯಿ ಬದನೆಕಾಯಿ ಬೀಳುತ್ತಿತ್ತು. ನಾನು ಬದನೆಕಾಯಿ ಕಂಡರೆ ಮಾರು ದೂರ ಓಡುವವನು. ಆಕೆ ಎದುರಿಗೆ ಕೂತು, “ಹಾಕ್ಕೋರಿ ಮಾಸ್ತರ” ಎಂದು ಮತ್ತೆ ಮತ್ತೆ ಬಡಿಸುತ್ತಿದ್ದಳು. ಸೊಸೆ ಬರಬೇಕಾದ ಮನೆಗೆ ಬಂದವನಿಗೆ ಇದು ಶಿಕ್ಷೆ ಎಂದು ತಿಳಿದು, ಕಣ್ಣು ಮುಚ್ಚಿ ನುಂಗುತ್ತಿದ್ದೆ.

ಇಲ್ಲಿಯವರೆಗೆ ಬರೆದದ್ದನ್ನು ಈಗಷ್ಟೇ ಮಾಳಪ್ಪನಿಗೆ ಓದಿ ಹೇಳಿದೆ. ಅವನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಬದನೆಕಾಯಿಗೆ ಬಂದಾಗ ಕೈ ಅಡ್ಡ ಹಿಡಿದ.

“ಅದು ಶಿಕ್ಷಾ ಅಲ್ಲೋ ಹುಚ್ಚಾ. ಲಗ್ನದ ಮರುದಿನ ಅವ್ವ ನನ್ನ ಹಿತ್ತಲಕ ಕರದ ಕೇಳಿದ್ಲು, ಮಾಸ್ತರಗ ಉಣ್ಣಾಕ ಏನ ಸೇರತೈತಿ ಅಂತ. ನನಗ ಎದಿ ಡವಡವ. ಬಾಯಿಗಿ ಬಂದದ್ದ ಅಂದೆ. ಬದನಿಕಾಯಿ ಅಂದೆ.”

ನಾನು ಕೈಯಲ್ಲಿದ್ದ ಹಾಳೆ ಕೆಳಗಿಟ್ಟೆ. “ಆಮ್ಯಾಲರೆ ಹೇಳಬಾರದೇನೋ, ಸೇರಂಗಿಲ್ಲ ಅಂತ?”

“ಹೇಳಿದ್ರ ಆಕಿ ಮಾಡೂದ ಬಿಡತಿದ್ಲು. ನನಗ ಸೇರತೈತಲ್ಲ. ನಮ್ಮ ಖೋಲಿಯೊಳಗ ನೀ ಎಂದಾದ್ರೂ ಮಾಡೀಯೇನ?”

‘ಉಣ್ಣಾಕ ಏನ ಸೇರತೈತಿ’ ಎಂಬುದು ಹೊಸದಾಗಿ ಮನೆ ಹೊಕ್ಕ ಸೊಸೆಯ ಬಗ್ಗೆ ಅತ್ತೆ ಕೇಳುವ ಮಾತು. ಲಗಮವ್ವ ಅದನ್ನು ನನ್ನ ಬಗ್ಗೆ ಕೇಳಿದ್ದಳು, ನಾನು ಅಷ್ಟು ವರ್ಷ ಆ ಬದನೆಕಾಯಿಯನ್ನು ಶಿಕ್ಷೆ ಎಂದು ಉಂಡಿದ್ದೆ. ಕಣ್ಣು ಒರೆಸಿಕೊಂಡು, ಗೂಟದ ಮೇಲಿನ ಚೀಲ ತೆಗೆದುಕೊಂಡು ಸಂತೆಗೆ ಹೊರಟಿದ್ದೇನೆ. ಎಳೆಯ ಬದನೆಕಾಯಿ ನೋಡಿ ತರಬೇಕು. ನನಗೆ ಅದು ಈಗಲೂ ಸೇರುವುದಿಲ್ಲ.