ಬಸಣ್ಣ ಮೇಸ್ತ್ರಿಯವರ ‘ಹಿರ್ಯಾರು’

ಕಾರಿನ ಬಾನೆಟ್ ತೆರೆಯುವ ಮೊದಲು ಬಸಣ್ಣ ಮೇಸ್ತ್ರಿಯವರು ಅದರ ಮೇಲೆ ಅಂಗೈಯಿಟ್ಟು, ಜ್ವರ ನೋಡುವವರಂತೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಬೀದರ್ ಕಡೆಯವರಾದ ಅವರು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ತಗಡಿನ ಶೆಡ್ಡಿನಲ್ಲಿ ನಮ್ಮ ಮನೆಯ ಎರಡು ಕಾರುಗಳನ್ನು ನೋಡಿಕೊಂಡಿದ್ದರು. ಒಂದು, ನಾನು ಹುಟ್ಟುವ ಮೊದಲೇ ತಂದೆಯವರು ಕೊಂಡ ಅಂಬಾಸಿಡರ್. ಇನ್ನೊಂದು, ನೌಕರಿಗೆ ಸೇರಿದ ಮೇಲೆ ನಾನು ಕೊಂಡ ಮಾರುತಿ.

ಸದರಿ ಕಾರುಗಳನ್ನು ಅವರು ಒಂದೇ ರೀತಿ ಕರೆಯುತ್ತಿರಲಿಲ್ಲ ಎಂಬುದನ್ನು ಇಲ್ಲಿ ನಮೂದಿಸಬೇಕು. ಅಂಬಾಸಿಡರ್ ‘ಹಿರ್ಯಾರು’, ಮಾರುತಿ ಬರೀ ‘ಇದು’. ಒಮ್ಮೆ ನಾನು ಅಂಬಾಸಿಡರಿನ ಬಗ್ಗೆ, “ಮೇಸ್ತ್ರಿ, ಅದು ಚಾಲೂನ ಆಗವಲ್ದು” ಎಂದು ದೂರಿದೆ.

“ಅದು ಅಂತ ಯಾರಿಗಂತೀರಿ ಸಾಹೇಬ್ರ? ಕೂಸಿದ್ದಾಗ ನಿಮ್ಮನ್ನ ದವಾಖಾನಿಯಿಂದ ಮನಿಗೆ ಕರಕೊಂಡ ಬಂದವರ ಅವರು!”

ಬಳಿಕ ಕಾರಿನ ಮುಂಭಾಗದ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ, “ಏಳ್ತೀರೇನ್ರಿ?” ಎಂದು ವಿನಯದಿಂದ ವಿಚಾರಿಸಿ ತಿರುಗಿಸಿದರು. ಮೂರನೆಯ ಸುತ್ತಿಗೆ ಹಿರಿಯರು ಕೆಮ್ಮಿ ಎದ್ದರು.

ಸೋಫಾದಂಥ ಮುಂದಿನ ಸೀಟು, ಸ್ಟೀರಿಂಗ್ ಪಕ್ಕದ ಗೇರು ಅಂಬಾಸಿಡರಿನವು. ಹಗುರ ಮೈ, ಇಕ್ಕಟ್ಟಿನ ಗಲ್ಲಿಯಲ್ಲೂ ತಿರುಗುವ ಚುರುಕು ಮಾರುತಿಯದು. ಯಾವುದು ಉತ್ತಮವೆಂದು ಕೇಳಿದರೆ ಮೇಸ್ತ್ರಿಯವರ ಉತ್ತರ ಇಷ್ಟೇ: “ಇದಕ್ಕ ಹೇಳಿದ್ರ ಸಾಕ್ರಿ, ಓಡತೈತಿ. ಅವರನ್ನ ಕೇಳಬೇಕು.”

ನಗರದ ಅಂಚಿನ ಮಣಿಕೊಂಡದ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಬೇಕಾಗಿ ಬಂದಾಗ ಅಲ್ಲಿ ಒಂದೇ ಕಾರಿಗೆ ಜಾಗವಿತ್ತು. ಯಾವುದನ್ನು ಬಿಡುವುದೆಂದು ಯೋಚಿಸಿ ಯೋಚಿಸಿ ಸೋತು, ಮಾರುತಿಯಲ್ಲಿ ಮೇಸ್ತ್ರಿಯವರ ಬಳಿಗೆ ಹೋದೆ. ಹಿರಿಯರನ್ನು ಇಟ್ಟುಕೊಳ್ಳಿ ಎಂದೇ ಹೇಳುವರೆಂದು ನಂಬಿದ್ದೆ. ಅವರು ಶೆಡ್ಡಿನ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು.

“ಹಿರ್ಯಾರನ್ನ ಕಳಿಸಿಬಿಡ್ರಿ” ಎಂದರು.

“ನೀವ ಹಿಂಗಂದ್ರ ಹೆಂಗ, ಮೇಸ್ತ್ರಿ?”

“ನನ್ನ ಕೈ ನೋಡ್ರಿ, ಹೆಂಗ ನಡಗಾಕತ್ತಾವ. ಹ್ಯಾಂಡಲ್ ಹಿಡಿಯಾಕ ಆಗವಲ್ದು. ನಾಳೆ ಅವರನ್ನ ಕೇಳೋರು ಯಾರದಾರ? ನೀವು ಕೇಳಂಗಿಲ್ಲ, ಬೈತೀರಿ.”

ಅನಂತರ ಎದ್ದು ಬಂದು ಮಾರುತಿಯ ಬಾನೆಟ್ ಮೇಲೆ ಅಂಗೈಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

“ಇವರನ್ನೂ ಸಾವಕಾಶ ನಡಸ್ರಿ, ಸಾಹೇಬ್ರ. ಭಾಳ ದಣದಾರ.”

ಮಾರುತಿಯನ್ನು ಅವರು ‘ಇವರು’ ಎಂದದ್ದು ಅದೇ ಮೊದಲು. ನಮ್ಮ ಕೊನೆಯ ಭೇಟಿಯೂ ಅದೇ ಆಯಿತು. ಆ ತಿಂಗಳೇ ಹಿರಿಯರು ಹೋದರು. ಮರುವರ್ಷ ಮೇಸ್ತ್ರಿಯವರೂ.

ಈಗ ಬೆಳಿಗ್ಗೆ ಮಾರುತಿ ಒಂದೇ ಸಲಕ್ಕೆ ಚಾಲೂ ಆಗುವುದಿಲ್ಲ. ಪಾರ್ಕಿಂಗಿನಲ್ಲಿ ಹಿಂದೆ ನಿಂತ ಕಾರುಗಳವರು ಹಾರ್ನ್ ಹಾಕುತ್ತಾರೆ. ಬೈಗುಳ ಬಾಯಿಗೆ ಬಂದಿರುತ್ತದೆ. ನುಂಗಿಕೊಂಡು, “ಏಳ್ತೀರೇನ್ರಿ?” ಎಂದು ಕೇಳುತ್ತೇನೆ.