ಇಬ್ಬರು ಎತ್ತಬೇಕಾದ ಭಾರ

ಮುಂಬಯಿಯ ವಡಾಲ ಕಡೆಯ ಆ ಆಸ್ಪತ್ರೆಯ ಬಟ್ಟೆಕೋಣೆಗೆ ಕಿಟಕಿಯಿಲ್ಲ. ಹೊರಗೆ ಹಾರ್ಬರ್ ಲೈನಿನ ಮೊದಲ ಲೋಕಲ್ ರೈಲುಗಳು ಓಡಾಡತೊಡಗಿವೆ, ಬೆಳಕು ಈಗಷ್ಟೇ ಹರಿಯುತ್ತಿದೆ. ಒಳಗೆ ಒಂಟಿ ಬಲ್ಬಿನ ಕೆಳಗೆ ಬಸಲಿಂಗವ್ವ ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ತಲೆ ತಗ್ಗಿಸಿ ನಿಂತಿದ್ದಾರೆ. ಬೆನ್ನ ಹಿಂದೆ ವಾರ್ಡಿನ ಆಯಾ ಚಂಪಾ. ಅವಳ ಕೈಯಲ್ಲಿ ದಪ್ಪ ಬಟ್ಟೆಯ ಅಗಲ ಪಟ್ಟಿ, ಅದರ ಎರಡೂ ಅಂಚು ಬಾಲ ಬಾಲವಾಗಿ ಸೀಳಿಬಿಟ್ಟದ್ದು. ಹೊಟ್ಟೆ ಕೊಯ್ದ ರೋಗಿಗಳಿಗೆ ಹೊಲಿಗೆ ಬಿಚ್ಚದಂತೆ ಸುತ್ತುವ ಈ ಪಟ್ಟಿಯನ್ನು ನರ್ಸುಗಳು ಬೈಂಡರ್ ಎನ್ನುತ್ತಾರೆ. ಈ ಕೋಣೆಯಲ್ಲಿ ಮಾತ್ರ ಅದನ್ನು ಸುತ್ತಿಸಿಕೊಳ್ಳುತ್ತಿರುವವರು ನರ್ಸೇ.

"ಉಸರ ಬಿಡ್ರಿ ಸಿಸ್ಟರ್. ಪೂರಾ ಬಿಡ್ರಿ," ಎನ್ನುತ್ತಾಳೆ ಚಂಪಾ. ಸೋಲಾಪುರದವಳು, ಅರ್ಧ ಮರಾಠಿ ಅರ್ಧ ಕನ್ನಡ.

"ಇನ್ನೂ ಬಿಗಿ."

"ಇನ್ನ ಬಿಗದ್ರ ಉಣ್ಣೂದ ಹ್ಯಾಂಗ?"

"ಉಣ್ಣೂದು ಸಂಜಿಗಿ ನೋಡೂಣು. ನೀ ಬಿಗಿ."

ಬಾಲಗಳನ್ನು ಒಂದರ ಮೇಲೊಂದು ಹೆಣೆದು ಚಂಪಾ ಸೇಫ್ಟಿ ಪಿನ್ನು ಚುಚ್ಚುತ್ತಾಳೆ. ಬಸಲಿಂಗವ್ವ ಮೇಲಿಂದ ಬಿಳಿ ಸೀರೆ ಸರಿಮಾಡಿಕೊಂಡು, ಟೊಪ್ಪಿಗೆ ಇಟ್ಟುಕೊಂಡು, ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾರೆ. ಆಮೇಲೆ ನಡೆಯುತ್ತಾರೆ. ಕಾರಿಡಾರಿನಲ್ಲಿ ಎದುರಾದವರಿಗೆ ಕಾಣುವುದು ನೆಟ್ಟಗೆ ನಡೆದು ಬರುವ, ಸ್ವಲ್ಪ ಬಿಗುಮಾನದ, ನಲವತ್ತು ದಾಟಿದ ಸಿಸ್ಟರ್. ಆ ಬಿಗುಮಾನ ಬಟ್ಟೆಯದು ಎಂದು ಈ ಕಟ್ಟಡದಲ್ಲಿ ಬಹಳ ದಿನ ಚಂಪಾ ಒಬ್ಬಳಿಗೇ ಗೊತ್ತಿತ್ತು.

ಈಗ ಎಲ್ಲರಿಗೂ ಗೊತ್ತಾಗಿದೆ. ಈ ತಿಂಗಳ ಕೊನೆಗೆ ಬಸಲಿಂಗವ್ವ ಕೆಲಸ ಬಿಡಬೇಕು. ರೋಗಿಗಳನ್ನು ಎತ್ತಲು ಅನರ್ಹರು ಎಂದು ಆಸ್ಪತ್ರೆ ತೀರ್ಮಾನಿಸಿಯಾಗಿದೆ. ಅವರ ಜಾಗಕ್ಕೆ ಬರುವವಳು ಪಳಗಬೇಕಲ್ಲ, ಅಲ್ಲಿಯವರೆಗೆ ಅದೇ ಅನರ್ಹರೇ ದಿನವೂ ರೋಗಿಗಳನ್ನು ಎತ್ತಬೇಕು. ದೊಡ್ಡವರ ನ್ಯಾಯ ಹೀಗಿರುತ್ತದೆ. ಕೇಳಿದರೆ ಅದಕ್ಕೊಂದು ರೂಲು ತೋರಿಸುತ್ತಾರೆ.

ಅವರದು ಮೂಳೆ ಮುರಿದ ಗಂಡಸರ ವಾರ್ಡು. ಬಂದರಿನಲ್ಲಿ ಮೂಟೆ ಜಾರಿ ಕಾಲ ಮೇಲೆ ಬಿದ್ದವರು, ಕಟ್ಟಡದ ಬೊಂಬಿನಿಂದ ಉರುಳಿದವರು, ಓಡುವ ಲೋಕಲ್ ಹಿಡಿಯಲು ಹೋದವರು. ಮಂಚ ತುಂಬಿ ನೆಲದ ಮೇಲೂ ಹಾಸಿಗೆಗಳಿವೆ. ಒಬ್ಬೊಬ್ಬನನ್ನೂ ದಿನಕ್ಕೆ ಹಲವು ಸಲ ಎತ್ತಬೇಕು: ಬೆಡ್‌ಪ್ಯಾನಿಗೆ, ಚಾದರ ಬದಲಿಸಲಿಕ್ಕೆ, ಬೆನ್ನು ಹುಣ್ಣಾಗದಂತೆ ಒರೆಸಿ ಪೌಡರು ಹಾಕಲಿಕ್ಕೆ. ಎತ್ತುವುದಕ್ಕೆ ಒಂದು ಪದ್ಧತಿಯಿದೆ. ಮಂಚದ ಆಚೆ ಒಬ್ಬಳು, ಈಚೆ ಒಬ್ಬಳು. ರೋಗಿಯ ಕೆಳಗೆ ಇಬ್ಬರ ಕೈಗಳೂ ಮಣಿಕಟ್ಟು ಹಿಡಿದು ಬೆಸೆದುಕೊಳ್ಳಬೇಕು. ದೊಡ್ಡವಳು "ಏಕ್, ದೋನ್, ತೀನ್" ಎನ್ನಬೇಕು, ತೀನ್ ಎಂದಾಗ ಇಬ್ಬರೂ ಒಟ್ಟಿಗೆ ಏಳಬೇಕು. ಬಸಲಿಂಗವ್ವ ಈಗಲೂ ಎಣಿಸುತ್ತಾರೆ, ಕೈಯನ್ನೂ ಬೆಸೆಯುತ್ತಾರೆ. ತೀನ್ ಎಂದಾಗ ಭಾರದ ಮುಕ್ಕಾಲು ಪಾಲು ಚಂಪಾಳ ಕಡೆಗೆ ವಾಲುತ್ತದೆ. ಚಂಪಾ ಇದುವರೆಗೆ ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಬಸಲಿಂಗವ್ವನ ತಂದೆ, ವಿಜಾಪುರ ಕಡೆಯ ಸಿದ್ದಲಿಂಗಪ್ಪ, ಅರಳೆ ವ್ಯಾಪಾರಿಯೊಬ್ಬರ ಗುಮಾಸ್ತನಾಗಿ ಮುಂಬಯಿಗೆ ಬಂದವರು. ಮಗಳನ್ನು ನರ್ಸಿಂಗ್ ತರಬೇತಿಗೆ ಕಳಿಸುತ್ತೇನೆ ಎಂದಾಗ ಬಳಗವೆಲ್ಲ ಮನೆಗೆ ಬಂದು ಕೂತಿತು. ಕಂಡಕಂಡವರ ಮೈ ಮುಟ್ಟುವ, ಹೇಲು ಉಚ್ಚೆ ಬಳಿಯುವ ಕೆಲಸ ಮಾಡಿದ ಹುಡುಗಿಯನ್ನು ಯಾರು ತಂದುಕೊಳ್ಳುತ್ತಾರೆ ಎಂದು ಕೇಳಿತು. ಸಿದ್ದಲಿಂಗಪ್ಪ ಜಗ್ಗಲಿಲ್ಲ. ಬಳಗ ಹೇಳಿದ್ದೂ ಸುಳ್ಳಾಗಲಿಲ್ಲ, ಗಂಡು ಬರಲೇ ಇಲ್ಲ. ಬಸಲಿಂಗವ್ವ ನರ್ಸುಗಳ ಕ್ವಾರ್ಟರ್ಸಿನಲ್ಲಿ ಒಂದು ಮಂಚ, ಒಂದು ಟ್ರಂಕು ಇಟ್ಟುಕೊಂಡು ಯುದ್ಧ ಕಂಡರು, ಬಂದರಿನ ಸ್ಫೋಟದ ಗಾಯಾಳುಗಳನ್ನು ಕಂಡರು, ಸ್ವಾತಂತ್ರ್ಯ ಕಂಡರು. ಮೊನ್ನೆ ರಾಜ್ಯಗಳನ್ನು ಹಂಚಿದಾಗ ವಿಜಾಪುರ ಮೈಸೂರಿನ ಪಾಲಾಯಿತು.

"ಊರು ಆ ಕಡೆ ಹೋತು, ನಾ ಈ ಕಡೆ ಉಳದೆ," ಎನ್ನುತ್ತಾರೆ ಅವರು. "ಇರ್ಲಿ ಬಿಡ್ರಿ. ನನಗ ಊರಂದ್ರ ಈ ವಾರ್ಡ. ಗಂಡ, ಮನಿ, ಮಕ್ಕಳು ಎಲ್ಲಾ ಕೊಟ್ಟ ತಗೊಂಡದ್ದು ಇದೊಂದ."

ಬೆನ್ನು ಹೋದದ್ದು ಎರಡು ಮಳೆಗಾಲದ ಹಿಂದೆ. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದಾಗಿತ್ತು. ಬೆಳಗಿನ ಪಾಳಿಯವರು ಯಾರೂ ಬರಲಿಲ್ಲ. ಕ್ವಾರ್ಟರ್ಸಿನಲ್ಲೇ ಇದ್ದ ಬಸಲಿಂಗವ್ವ ಒಬ್ಬರೇ ವಾರ್ಡಿಗೆ ನಿಂತರು. ತೊಡೆ ಮುರಿದ ಬಂದರಿನ ಕಾರ್ಮಿಕನೊಬ್ಬ, ಆನೆಯಂಥ ಆಳು, ಸಿಸ್ಟರ್‌ಗೆ ಎಷ್ಟು ತೊಂದರೆ ಕೊಡುವುದು ಎಂಬ ಸಂಕೋಚದಲ್ಲಿ ತಾನೇ ಮಂಚದಿಂದ ಇಳಿಯಹೋಗಿ ಜಾರಿದ. ಬಸಲಿಂಗವ್ವ ಓಡಿಹೋಗಿ ಅವನನ್ನು ಎದೆಗೆ ಆನಿಸಿಕೊಂಡರು. ಕೂಗಿದರು. ಬರಲು ಯಾರೂ ಇರಲಿಲ್ಲ. ಹಾಗೇ ಅವನನ್ನು ಎತ್ತಿ ಮತ್ತೆ ಮಂಚಕ್ಕೆ ಹಾಕಿದರು.

"ಬಿಟ್ಟಿದ್ರ ಅವನ ತೊಡಿ ಮತ್ತ ಮುರೀತಿತ್ತು," ಎನ್ನುತ್ತಾರೆ. "ಟೊಂಕದಾಗ ಹಸೀ ಕಟ್ಟಿಗಿ ಸೀಳಿದಂಗ ಆತು. ಅವಾ ಪಾಪ, ನನ್ನ ಮಾರಿ ನೋಡಿ ಅತ್ತ. ನಾ ಅವಗ ನೀರ ಕೊಟ್ಟೆ."

ಆ ಆಳು ವಾಸಿಯಾಗಿ ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ ಎಂದು ಅವನನ್ನು ಬೈಯುವಂತಿಲ್ಲ. ಅವನಿಗೆ ಗೊತ್ತೇ ಇಲ್ಲ. ಬಸಲಿಂಗವ್ವ ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಅವರು ಕಂಡಿದ್ದರು. ಅವರಿಗಿಂತ ಹಿರಿಯ ಸೇವಂತಿ ಎಂಬವರು ಬೆನ್ನು ನೋವೆಂದು ಬಾಯಿಬಿಟ್ಟ ವರ್ಷವೇ ಕ್ವಾರ್ಟರ್ಸ್ ಖಾಲಿ ಮಾಡಿದ್ದರು. ಆಸ್ಪತ್ರೆಯ ಹಾಲಿನಲ್ಲಿ ದೀಪ ಹಿಡಿದ ಬಿಳಿಯ ತಾಯಿಯ ಪಟವಿದೆ. ವರ್ಷಕ್ಕೊಮ್ಮೆ ದೊಡ್ಡವರು ಬಂದು ಅದಕ್ಕೆ ಹಾರ ಹಾಕಿ ತ್ಯಾಗ, ಸೇವೆ ಎಂದು ಭಾಷಣ ಮಾಡಿ ಚಹಾ ಕುಡಿದು ಹೋಗುತ್ತಾರೆ. ದೀಪ ಹಿಡಿಯಲಿಕ್ಕೆ ಸೊಂಟ ಬೇಡ, ಆದ್ದರಿಂದ ಸೊಂಟದ ಮಾತು ಅಲ್ಲಿ ಬರುವುದಿಲ್ಲ. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ, ಬರೆದರೂ ಹೋಗುವುದಿಲ್ಲ.

ಹೀಗೆ ಚಂಪಾ, ಬೈಂಡರ್ ಮತ್ತು ಮೌನ ಮೂರೂ ಸೇರಿ ಎರಡು ಮಳೆಗಾಲ ದಾಟಿಸಿದವು. ಆದರೆ ಈ ಮಳೆಗಾಲದಲ್ಲಿ ಬಸಲಿಂಗವ್ವ ಮೂರು ಸಲ ಹಾಸಿಗೆಯಿಂದ ಏಳಲಾರದೆ ರಜೆ ಹಾಕಿದರು. ಜ್ವರ ಎಂದು ಹೇಳಿಕಳಿಸಿದರು. ಮೇಟ್ರನ್‌ಗೆ ಅನುಮಾನ ಬಂದು, ಮೈ ಪರೀಕ್ಷೆ ಮಾಡಿಸಿಕೊಂಡು ಬರಲು ಡಾಕ್ಟರ್ ರಮಾನಾಥರ ಹತ್ತಿರ ಕಳಿಸಿದರು.

ರಮಾನಾಥರು ಅದೇ ವಾರ್ಡಿನ ಮೂಳೆ ಡಾಕ್ಟರು, ಮಂಗಳೂರು ಕಡೆಯವರು, ಕೆಟ್ಟವರಲ್ಲ. ಪರೀಕ್ಷೆಗೆ ಮುಂಚೆ ಚಂಪಾ ಮತ್ತು ಬಸಲಿಂಗವ್ವ ಬಟ್ಟೆಕೋಣೆಯಲ್ಲಿ ಪ್ರಾಕ್ಟೀಸು ಮಾಡಿದರು. ಚಂಪಾ ನೆಲದ ಮೇಲೆ ಚಮಚ ಬೀಳಿಸುವುದು, ಬಸಲಿಂಗವ್ವ ಮುಖ ಕಿವುಚದೆ ಅದನ್ನು ಎತ್ತಿಕೊಡುವುದು. ಮುಖ ಕಿವುಚಿದರೆ ಚಂಪಾ "ಪುನ್ಹಾ" ಎನ್ನುತ್ತಿದ್ದಳು, ಮತ್ತೆ ಚಮಚ ಬೀಳುತ್ತಿತ್ತು.

ಪರೀಕ್ಷೆಯ ದಿನ ಬೈಂಡರ್ ಇರಲಿಲ್ಲ. ಡಾಕ್ಟರು ಬಗ್ಗಲು ಹೇಳಿದರು, ಬಗ್ಗಿದರು. ತಿರುಗಲು ಹೇಳಿದರು, ತಿರುಗಿದರು. ಮೇಜಿನ ಮೇಲೆ ಮಲಗಿಸಿ ಕಾಲನ್ನು ನೆಟ್ಟಗೆ ಮೇಲಕ್ಕೆತ್ತಿ ನೋವೇ ಎಂದು ಕೇಳಿದರು. ಆ ಹೊತ್ತಿಗೆ ಬಸಲಿಂಗವ್ವನ ಕಣ್ಣಿಗೆ ಸೂರಿನ ಪಂಖ ಎರಡಾಗಿ ಕಾಣುತ್ತಿತ್ತು. ಇಲ್ಲ ಎಂದರು. ನರಳುವವರ ನಡುವೆ ಇಷ್ಟು ವರ್ಷ ಇದ್ದವರಿಗೆ ನರಳದಿರುವುದು ಗೊತ್ತಿರುತ್ತದೆ. ಡಾಕ್ಟರು ನಂಬಿದರು. ಪೆನ್ನು ಕೈಗೆ ತೆಗೆದುಕೊಂಡು, "ಸರಿ ಸಿಸ್ಟರ್, ಏಳಿ," ಎಂದರು.

ಬಸಲಿಂಗವ್ವ ಎದ್ದರು. ಎರಡೂ ಮೊಣಕಾಲು ಮಡಚಿ ಜೋಡಿಸಿದರು. ಬೆನ್ನು ಒಂದಿಷ್ಟೂ ತಿರುಚದಂತೆ ಇಡೀ ಮೈಯನ್ನು ಮರದ ಹಲಗೆಯ ಹಾಗೆ ಒಂದೇ ಸಲ ಮಗ್ಗುಲಿಗೆ ಹೊರಳಿಸಿದರು. ಮೊಣಕೈ ಊರಿ, ಕಾಲುಗಳನ್ನು ಮೇಜಿನಿಂದ ಕೆಳಗೆ ಬಿಟ್ಟು, ಆ ತೂಕದಲ್ಲೇ ಮೇಲೆದ್ದು ಕೂತರು. ಬೆನ್ನು ಮುರಿದು ಬಂದ ಪ್ರತಿಯೊಬ್ಬ ರೋಗಿಗೂ ಹೆಗಲ ಮೇಲೆ ಕೈಯಿಟ್ಟು ಅವರೇ ಕಲಿಸುತ್ತಿದ್ದ ರೀತಿ ಅದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿಸಿದ ಗುಣವೂ ಅಷ್ಟೇ. ಚಮಚ ಎತ್ತುವುದನ್ನು ಪ್ರಾಕ್ಟೀಸು ಮಾಡಿದ್ದರು. ಎದ್ದು ಕೂರುವುದನ್ನು ಮಾಡಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು.

"ಬೆನ್ನು ಸರಿ ಇದ್ದವರು ಹೀಗೆ ಏಳುವುದಿಲ್ಲ ಸಿಸ್ಟರ್," ಎಂದರು. "ನಮ್ಮ ವಾರ್ಡಿನವರು ಮಾತ್ರ ಹೀಗೆ ಏಳುವುದು."

"ಬರೀಬ್ಯಾಡ್ರಿ ಸಾಹೇಬ್ರ."

"ನಾಳೆ ನಿಮ್ಮ ಕೈಯಿಂದ ಒಬ್ಬ ರೋಗಿ ಬಿದ್ದರೆ ನಾನು ಏನು ಹೇಳುವುದು?"

ಈ ಪ್ರಶ್ನೆಗೆ ಬಸಲಿಂಗವ್ವ ಉತ್ತರ ಕೊಡಲಿಲ್ಲ. ಯಾಕೆಂದು ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ: "ಒಂದ್ ದಿನಾ ತೀನ್ ಅಂದಾಗ ನನ್ನ ಕೈ ಸಡಲ ಆಗಿತ್ತರಿ. ಚಂಪಾ ಹಿಡಕೊಂಡ್ಳು, ಇಲ್ಲಾಂದ್ರ ಆ ಮುದುಕ ಬೀಳತಿದ್ದ. ಡಾಕ್ಟರ ಮಾತು ಖರೇನ. ಖರೆ ಮಾತಿಗಿ ಏನ ಹೇಳೂದು?"

ಎತ್ತುವ ಕೆಲಸವಿಲ್ಲದ ಜಾಗ ಕೊಡಿ, ಇಂಜೆಕ್ಷನ್ ಕೊಡುತ್ತೇನೆ, ಗಾಯ ಕಟ್ಟುತ್ತೇನೆ ಎಂದು ಅವರು ಮೇಟ್ರನ್ ಮುಂದೆ ನಿಂತರು. ಲೈಟ್ ಡ್ಯೂಟಿ ಕೊಡಲಿಕ್ಕೆ ತನ್ನ ಹತ್ತಿರ ಹಗುರದ ರೋಗಿಗಳು ಎಲ್ಲಿದ್ದಾರೆ ಎಂದು ಮೇಟ್ರನ್ ಕೇಳಿದರು. ಆಮೇಲೆ ಬಸಲಿಂಗವ್ವ ಬೇರೆ ಕಡೆ ಅಲೆದರು. ಪವಾಯಿ ಕೆರೆಯ ಆಚೆ ಒಂದು ಕಾರ್ಖಾನೆಯ ದವಾಖಾನೆಗೆ ನರ್ಸು ಬೇಕೆಂದು ತಿಳಿದು ಹೋದರು. ದಾರಿಯಲ್ಲಿ ಬಸ್ಸು ಕುಲುಕಿದ ಕುಲುಕಾಟಕ್ಕೆ, ಮುಟ್ಟುವ ಹೊತ್ತಿಗೆ ಸೊಂಟ ಕಲ್ಲಾಗಿತ್ತು. ಅಲ್ಲಿಯ ಮ್ಯಾನೇಜರು ಮರ್ಯಾದೆಯಿಂದ ಕುರ್ಚಿ ತೋರಿಸಿದರು. ಕೂತರೆ ಏಳಲಾರೆನೆಂದು ಇವರು ನಿಂತೇ ಇದ್ದರು. ಅವರು ಮತ್ತೆ ಕೂರಲು ಹೇಳಿದರು, ಇವರು ಮತ್ತೆ ಬೇಡವೆಂದರು. ಮೂರನೆಯ ಸಲಕ್ಕೆ ಅವರಿಗೆ ಅರ್ಥವಾಯಿತು.

ಇನ್ನು ಉಳಿದದ್ದು ಆಂಟಾಪ್ ಹಿಲ್‌ನ ಚಾಳಿನಲ್ಲಿರುವ ತಮ್ಮ ಕಾಶಪ್ಪನ ಮನೆ. ಮೂರನೇ ಮಾಳಿಗೆಯ ಒಂದು ಖೋಲಿ, ನೀರಿನ ನಲ್ಲಿ ಕೆಳಗೆ ಅಂಗಳದಲ್ಲಿ. ಕಾಶಪ್ಪ ಒಳ್ಳೆಯವನೇ. "ಅಕ್ಕ ನಮಗೇನ ಭಾರ ಅಲ್ರಿ. ನಮ್ಮನ್ನೆಲ್ಲಾ ಎತ್ತಿ ಆಡಿಸ್ಯಾಳ. ಬಂದ ಆರಾಮ ಕೂತ ಉಣ್ಲಿ," ಎನ್ನುತ್ತಾನೆ. ಅವನ ಹೆಂಡತಿ ರುದ್ರವ್ವ ಖಾಲಿ ಕೊಡ ತೆಗೆದುಕೊಂಡು ಮೆಟ್ಟಿಲಿಳಿಯುತ್ತಾಳೆ. ಅವಳದೂ ತಪ್ಪಲ್ಲ, ಆ ಖೋಲಿಯಲ್ಲಿ ಈಗಾಗಲೇ ಆರು ಜನ ಮಲಗುತ್ತಾರೆ.

"ಕೂತ ಉಣ್ಣಾಕ ಬರೂದಿಲ್ಲ ಅಂತನ ಅಲ್ಲಿ ಹೊಂಟೀನಿ," ಎಂದು ಬಸಲಿಂಗವ್ವ ನಗುತ್ತಾರೆ. "ನಿಂತ ಉಂಡ್ರಾತು."

ಅವರ ಜಾಗಕ್ಕೆ ಬಂದಿರುವವಳು ಶೀಲಾವತಿ. ಉಡುಪಿ ಕಡೆಯವಳು, ತರಬೇತಿ ಮುಗಿಸಿ ಬಂದ ಹೊಸ ನರ್ಸು, ಚುರುಕು. ಇದನ್ನು ಬರೆಯಲೆಂದು ನಾವು ವಾರ್ಡಿಗೆ ಹೋದ ದಿನ ಚಂಪಾ ಊಟ ತರಲು ಅಡುಗೆಮನೆಗೆ ಹೋಗಿದ್ದಳು. ಬಾಗಿಲ ಹತ್ತಿರದ ಮಂಚದ ಮೇಲಿನ ರೋಗಿ ಚಾದರ ಒದ್ದೆಯಾಗಿದೆ ಎಂದು ಮುಲುಗಿದ. ಶೀಲಾವತಿ ಸೆರಗು ಸಿಕ್ಕಿಸಿ, ಅವನ ಕಂಕುಳಲ್ಲಿ ಎರಡೂ ಕೈ ಹಾಕಿ, ಒಬ್ಬಳೇ ಎತ್ತಲು ಬಗ್ಗಿದಳು.

"ಕೈ ತಗಿ."

ವಾರ್ಡಿನ ಆ ತುದಿಯಿಂದ ಬಂದ ದನಿ ಅದು. ಬಸಲಿಂಗವ್ವ ಇಲ್ಲಿ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಅವರು ಮಂಚಗಳ ಕಂಬಿಗಳನ್ನು ಒಂದೊಂದಾಗಿ ಹಿಡಿಯುತ್ತ ಆ ಉದ್ದವನ್ನೆಲ್ಲ ನಡೆದು ಬಂದು ಹುಡುಗಿಯ ಎದುರು ನಿಂತರು.

"ಅವ ಒದ್ದಿಯೊಳಗ ಮಕ್ಕೊಳ್ಳಿ. ಚಂಪಾ ಬರೂತನಕಾ ಮಕ್ಕೊಳ್ಳಿ. ಒಬ್ಬಾಕೀನ ಎತ್ತಬಾರದು."

"ಇವತ್ತು ನೀವಿದ್ದೀರಿ, ಚಂಪಾ ಇದ್ದಾಳೆ," ಎಂದಳು ಶೀಲಾವತಿ, ತಗ್ಗಿದ ದನಿಯಲ್ಲಿ. "ನೀವು ಹೋದ ಮೇಲೆ, ಅವಳೂ ಇಲ್ಲದ ದಿನ, ನಾನು ಯಾರನ್ನು ಕರೆಯುವುದು ಸಿಸ್ಟರ್?"

ಬಸಲಿಂಗವ್ವ ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಅವರು ಹುಡುಗಿಯ ಸೊಂಟದ ಮೇಲೆ, ಬೆನ್ನಹುರಿ ಮುಗಿಯುವಲ್ಲಿ, ಒಂದು ಗಳಿಗೆ ಅಂಗೈ ಇಟ್ಟು ತೆಗೆದರು. ಚಂಪಾ ಬಂದ ಮೇಲೆ ಅವಳೂ ಶೀಲಾವತಿಯೂ ಕೈ ಬೆಸೆದು ನಿಂತರು. ಬಸಲಿಂಗವ್ವ ಪಕ್ಕದಲ್ಲಿ ನಿಂತು ಏಕ್, ದೋನ್, ತೀನ್ ಎಂದರು.

ಪಾಳಿ ಮುಗಿಸಿ ಬಟ್ಟೆಕೋಣೆಯಲ್ಲಿ ಬೈಂಡರ್ ಬಿಚ್ಚಿಸಿಕೊಂಡ ಮೇಲೆ, ಇನ್ನು ನಿಮ್ಮ ಆಸೆ ಏನು ಎಂದು ಕೇಳಿದ್ದಾಯಿತು. ಅವರು ಪಟ್ಟಿಯನ್ನು ಮಡಚಿಟ್ಟರು.

"ಈ ಟೊಂಕ ನನ್ನ ಒಂದ ದಿನಾ ಇಂಥಾದ ಒಂದ ವಾರ್ಡಿಗಿ ತಂದ ಮಲಗಸ್ತದ್ರಿ, ಅದು ನನಗ ಗೊತ್ತೈತಿ. ಅವತ್ತ ನನ್ನ ಎತ್ತಾಕ ಇಬ್ಬರ ಹುಡಿಗ್ಯಾರ ಬರ್ಲಿ, ಅಷ್ಟ ಸಾಕು. ಒಬ್ಬಾಕೀನ ಬಂದ್ರ ನಾ ಮೈ ಮುಟ್ಟಗೊಡೂದಿಲ್ಲ."