ಬೆಳಗ್ಗೆ ಕೆಡುವ ಬಂದೂಕು

ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮದ ವಾಸನೆಗೆ ಉಳಿದವರಿಗೆ ದೇವರ ಮನೆ ನೆನಪಾಗುತ್ತದೆ, ನನಗೆ ತಲೆನೋವು ಬರುತ್ತದೆ. ಇವತ್ತು ಆಯುಧಪೂಜೆ. ನನ್ನಾಕೆ ತಟ್ಟೆ ಹಿಡಿದು ಲೇತ್ ಮಷೀನಿನ ಮುಂದೆ ನಿಂತಿದ್ದಾಳೆ. "ತಿರುಗೋ ಹಲ್ಲಿಗೆ ಹಚ್ಚಬ್ಯಾಡ, ಮ್ಯಾಲಿನ ಮುಚ್ಚಳಕ್ಕ ಹಚ್ಚು" ಎಂದು ನಾನು ಪ್ರತಿ ವರ್ಷವೂ ಕೂಗುತ್ತೇನೆ. "ದೇವ್ರು ಮುಚ್ಚಳದಾಗ ಇರ್ತಾನೇನ್ರಿ?" ಎಂದು ಅವಳು ಪ್ರತಿ ವರ್ಷವೂ ಕೇಳುತ್ತಾಳೆ. ನನ್ನ ಈ ಸಿಟ್ಟಿನ ಹಿಂದೆ ಒಂದು ಬಂದೂಕಿದೆ. ಕುಂದ್ರಿ, ಹೇಳುತ್ತೇನೆ.

ನಾನು ಅರ್ಧಕ್ಕೆ ಶಾಲೆ ಬಿಟ್ಟವನು. ಆದರೂ ಹೊಸಪೇಟೆಯಲ್ಲಿ ಬಂದೂಕು ರಿಪೇರಿಗೆ ಲೈಸೆನ್ಸ್ ಇರುವ ಅಂಗಡಿ ನನ್ನದು ಎನ್ನುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಬಂದೂಕುಗಳೇ ಬರುವುದಿಲ್ಲ, ಅದು ಬೇರೆ ಮಾತು. ಬರುವುದು ಕಂಪ್ಲಿಯ ಅಕ್ಕಿ ಗಿರಣಿಯ ಶಾಫ್ಟು, ಕಬ್ಬಿನ ಗಾಣದ ಹಲ್ಲು. ಹೀಗಿರುವಾಗ, ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲದಲ್ಲಿ, ಸಂಡೂರಿನ ಪಂಪನಗೌಡರು (ಹೆಸರು ಬದಲಿಸಿದ್ದೇನೆ) ಕಂಬಳಿ ಬಿಚ್ಚಿ ಅಜ್ಜನ ಕಾಲದ ರೈಫಲ್ ತೋರಿಸಿದಾಗ ನನಗೆ ಹಬ್ಬವಾಯಿತು. ಒಂದೇ ಗುಂಡಿನದು, ಟ್ರಿಗರ್ ಮಾತ್ರ ಎರಡು. ಹಿಂದಿನದನ್ನು ಎಳೆದರೆ ಒಳಗೆ ಒಂದು ಕೊಕ್ಕೆ 'ಟಿಕ್' ಎಂದು ಕೂರುತ್ತದೆ. ಆಮೇಲೆ ಮುಂದಿನದಕ್ಕೆ ಬೆರಳು ತಾಕಿದರೆ ಸಾಕು, ಗುಂಡು ಹಾರುತ್ತದೆ. ಗುರಿ ಅಲುಗದಿರಲೆಂದು ಹಳಬರು ಮಾಡಿದ ಉಪಾಯ.

"ಇದು ಒಮ್ಮೆ ತಾನ ಹಾರಿತ್ತು," ಎಂದರು ಗೌಡರು. ಹರೆಯದಲ್ಲಿ, ಮಾಗಿ ಚಳಿಯ ಒಂದು ಬೆಳಗ್ಗೆ, ಗುಡ್ಡದ ಮೇಲೆ. ಗುಂಡು ಪಕ್ಕದಲ್ಲಿದ್ದ ಹೆಂಡತಿಯ ತಮ್ಮನ ಕಾಲಿಗೆ ಬಿತ್ತು. ಅವನು ಸಾಯುವವರೆಗೂ ಕುಂಟಿದ. "ನಾ ಮುಂದಿನ ಟ್ರಿಗರ್ ಮುಟ್ಟಿಲ್ಲ ಅಂದ್ರ ಯಾರೂ ನಂಬ್ಲಿಲ್ಲ. ನಮ್ಮಾಕಿನೂ ನಂಬ್ಲಿಲ್ಲ. 'ನಿಮ್ಮ ಕೈ ಗಟ್ಟಿ ಇಲ್ಲ' ಅಂತ ಅನ್ಕೋತನ ಕಣ್ಣು ಮುಚ್ಚಿದ್ಲು. ನನಗ ಒಂದ ಹೇಳು. ತಪ್ಪು ಕೈದೋ, ಬಂದೂಕಿಂದೋ? ಮತ್ತೇನೂ ಬ್ಯಾಡ."

ಸಂಜೆಯೊಳಗೆ ಹೇಳುತ್ತೇನೆ ಎಂದುಬಿಟ್ಟೆ. ನನ್ನ ಬಾಯಿಯ ಸ್ಕ್ರೂ ಮೊದಲಿನಿಂದಲೂ ಸಡಿಲ.

ಅಂದು ಮಧ್ಯಾಹ್ನ ಖಾಲಿ ಬಂದೂಕನ್ನು ಮೇಜಿಗೆ ಬಿಗಿದು ಹಿಂದಿನ ಟ್ರಿಗರ್ ಎಳೆದೆ. ಕೊಕ್ಕೆ ಕೂತಿತು. ಮರದ ಸುತ್ತಿಗೆಯಿಂದ ಬಡಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮರುದಿನ ಅಂಗಡಿ ತೆರೆದು ಚಳಿಯಲ್ಲಿ ಮತ್ತೆ ಎಳೆದೆ. ಈ ಸಲ ಮೊಣಕೈ ಮೇಜಿಗೆ ತಾಗಿದ್ದಕ್ಕೇ ಕೊಕ್ಕೆ ಟಪ್ಪೆಂದು ಕಳಚಿ ಬಿತ್ತು. ಸಿಕ್ಕಿದ ಕಳ್ಳ ಎಂದು ಗೌಡರಿಗೆ ಫೋನ್ ಮಾಡಿದೆ. ಅವರು ಬಸ್ಸು ಹಿಡಿದು ಬರುವಷ್ಟರಲ್ಲಿ ಬಿಸಿಲೇರಿತ್ತು. ಅವರ ಮುಂದೆ ಎಳೆದೆ, ಬಡಿದೆ, ಕೊನೆಗೆ ಕುಟ್ಟಿದೆ. ಬಂದೂಕು ಗಂಡಿನ ಕಡೆಯವರ ಮುಂದೆ ಕೂತ ಹುಡುಗಿಯಂತೆ ಮುಗ್ಧವಾಗಿ ಕೂತಿತ್ತು.

"ನಿನ್ನ ಕೈಯೂ ಗಟ್ಟಿ ಇಲ್ಲೇನಲೇ?" ಎಂದು ಗೌಡರು ಎದ್ದು ಹೋದರು.

ಆ ಮಾತು ಚುಚ್ಚಿತು. ಎರಡು ಟ್ರಿಗರ್ ನಡುವಿನ ಪುಟ್ಟ ಸ್ಕ್ರೂವನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ. ಹೊರಗಿನ ಸ್ಪ್ರಿಂಗ್ ಬದಲಿಸಿದೆ. ಬೆಳಗ್ಗೆ ಬೀಳುತ್ತದೆ, ಮಧ್ಯಾಹ್ನ ನಿಲ್ಲುತ್ತದೆ! ಒಳಗಿನ ಪಿನ್ನು ಕೀಳಲು ಭಯ. ಮುರಿದರೆ ಅಂಥದ್ದು ಎಲ್ಲಿ ಹುಡುಕಲಿ? ಕಂಪ್ಲಿಯ ಗಿರಣಿಯವರು ಶಾಫ್ಟ್ ಕೇಳಲು ಬಂದು, ಬಂದೂಕು ಹಿಡಿದು ಕೂತ ನನ್ನ ಮುಖ ನೋಡಿ, ಕೇಳದೆಯೇ ಹೋದರು.

ಒಂದು ಬೆಳಗ್ಗೆ ರೇಗಿ, ಟ್ರಿಗರ್ ಪೆಟ್ಟಿಗೆಯನ್ನು ಬಿಚ್ಚಿ ಬಿಸಿ ಚಹಾದ ಕೆಟಲಿಗೆ ಒರಗಿಸಿ ಇಟ್ಟೆ. ಬೆಚ್ಚಗಾಗುತ್ತಲೇ ಕೊಕ್ಕೆ ಸರಿಯಾಗಿ ಕೂತಿತು! ಧೈರ್ಯ ಮಾಡಿ ಪಿನ್ನು ಕಿತ್ತೆ. ಒಳಗೆಲ್ಲ ಕೆಂಪು ಅಂಟು. ಸಂಡೂರಿನ ಅದಿರಿನ ಧೂಳೆಂದು ಗಣಿಯವರನ್ನು ಬಾಯ್ತುಂಬ ಬೈದೆ. ಆಮೇಲೆ ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ, ಕುಂಕುಮ. ವರ್ಷವರ್ಷದ ಆಯುಧಪೂಜೆ ಅಲ್ಲಿ ಮೇಣವಾಗಿ ಕೂತಿತ್ತು. ಚಳಿಗೆ ಗಟ್ಟಿಯಾಗಿ ಕೊಕ್ಕೆಯನ್ನು ಅರ್ಧಕ್ಕೇ ತಡೆಯುತ್ತಿತ್ತು, ಬಿಸಿಲಿಗೆ ಕರಗಿ ದಾರಿ ಬಿಡುತ್ತಿತ್ತು.

"ತಪ್ಪು ನಿಮ್ಮ ಕೈದಲ್ರಿ ಗೌಡ್ರ, ಬಂದೂಕಿಂದು!" ಎಂದು ಅವರನ್ನು ಮತ್ತೆ ಕರೆಸಿ ಹೇಳಿದಾಗ ಬಲಗೈಯನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಅಲ್ಲಿಗೇ ಸುಮ್ಮನಿದ್ದರೆ ನಾನು ನಾನೇ ಅಲ್ಲ.

"ಸಂದಿ ಸಂದಿಗೆ ಎಣ್ಣಿ ಬಿಟ್ಟು ಪೂಜಿ ಮಾಡಿದ ಆ ಪುಣ್ಯಾತ್ಮರು ಯಾರ್ರಿ?"

"ನಮ್ಮಾಕಿ," ಎಂದು ನಕ್ಕರು. "ಮದುವಿ ಆಗಿ ಬಂದಾಗಿಂದ ಆಕಿದ ಪೂಜಿ. ಕೂಸಿನ ಕಿವಿಗೆ ಬಿಟ್ಟಂಗ ಎಣ್ಣಿ ಬಿಡ್ತಿದ್ಲು. ಬ್ಯಾರೆಯವ್ರಿಗೆ ಮುಟ್ಟಾಕ ಕೊಡ್ತಿರ್ಲಿಲ್ಲ..." ನಗು ಅಲ್ಲೇ ನಿಂತಿತು. "ಆಕಿ ತಮ್ಮನ ಕಾಲು..." ಎಂದರು.

ಬಂದೂಕಿನ ಕಂಬಳಿ ಎಳೆದುಕೊಂಡು, "ತಪ್ಪು ಕೈದು ಅನ್ನು," ಎಂದರು.

"ಏನ್ರಿ ಗೌಡ್ರ! ನಾ ಊಟ ನಿದ್ದಿ ಬಿಟ್ಟಿದ್ದು ಇದಕ್ಕೇನು? ಮೊದಲ ಹೇಳಿದ್ರ ಗಿರಣಿ ಶಾಫ್ಟಾದ್ರೂ ಮಾಡ್ತಿದ್ದೆ!"

"ಈ ತಪ್ಪು ನಾ ಹೊತ್ತು ರೂಢಿ ಆಗೈತಿ. ಸತ್ತಾಕಿ ಮ್ಯಾಲೆ ಹೊಸದಾಗಿ ಯಾಕ ಹೊರಸ್ಲಿ? ಅನ್ನು ಲೇ."

"ಕೈದ ಬಿಡ್ರಿ ಹಂಗಾರ," ಎಂದೆ, ಹಲ್ಲು ಕಚ್ಚಿ. ತೊಳೆದು ಎಣ್ಣೆಯಿಲ್ಲದೆ ಒಣಗಿಸಿದ ಬಂದೂಕನ್ನು ಸುತ್ತಿಕೊಂಡು ಹೋದರು. ನಾನು ಮಾಡಿದ ಅತಿ ದೊಡ್ಡ ರಿಪೇರಿ, ಒಬ್ಬರಿಗೂ ಹೇಳುವಂತಿರಲಿಲ್ಲ.

ಹೋದ ತಿಂಗಳು ಗೌಡರು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಸಂಡೂರಿಗೆ ಹೋಗಿದ್ದೆ. "ಬಂಗಾರದಂಥ ಮನುಷ್ಯ, ಕೈಯೊಂದು ಗಟ್ಟಿ ಇರಲಿಲ್ಲ ನೋಡ್ರಿ" ಎಂದರು ಯಾರೋ. ನಿಜ ನನ್ನ ನಾಲಿಗೆ ತುದಿಯವರೆಗೆ ಬಂದಿತ್ತು. ಚಹಾ ಕುಡಿದು ಎದ್ದು ಬಂದೆ.

ಈಗ ನನ್ನಾಕೆ ತಟ್ಟೆ ಹಿಡಿದು ನನ್ನ ಕೂಗಿಗೆ ಕಾದಿದ್ದಾಳೆ. "ಏನ್ರಿ, ಬಾಯಿಗೆ ಏನಾತು?"

"ಎಲ್ಲಿ ಬೇಕೋ ಅಲ್ಲಿ ಹಚ್ಚು."

ಅವಳು ನಂಬದೆ ನನ್ನನ್ನೊಮ್ಮೆ ನೋಡಿ, ಬೆರಳು ತುಂಬ ಅದ್ದಿಕೊಂಡು, ಹಲ್ಲುಹಲ್ಲಿನ ಸಂದಿಗೂ ಹಚ್ಚುತ್ತಿದ್ದಾಳೆ. ನಾಳೆ ಸೀಮೆಎಣ್ಣೆ, ಬ್ರಷ್ಷು, ಅರ್ಧ ದಿನದ ಕೆಲಸ ಹಾಳು. ಬೈದುಕೊಳ್ಳುತ್ತಲೇ ತೊಳೆಯುತ್ತೇನೆ, ಅವಳು ಅಡುಗೆಮನೆಯಲ್ಲಿರುವಾಗ.